ವೈದ್ಯರನ್ನು ವಿಚಾರಿಸುವ ಸಮಿತಿ

ದಿಲ್ಲಿಯ ಬಹಾದುರ್ ಷಾ ಜಫರ್ ಮಾರ್ಗದಲ್ಲಿ, ಪತ್ರಿಕಾ ಕಚೇರಿಗಳ ಸಾಲಿಗೆ ಎದುರಾಗಿ, ಖೂನಿ ದರವಾಜಾದ ಹಿಂಬದಿಗೆ ಹಬ್ಬಿರುವ ಮೌಲಾನಾ ಆಜಾದ್ ವೈದ್ಯಕೀಯ ಕಾಲೇಜಿನ ನೆಲವು ಬ್ರಿಟಿಷರ ಕಾಲದಲ್ಲಿ ಸೆರೆಮನೆಯಾಗಿದ್ದುದು. ಅದೇ ಆವರಣದಲ್ಲಿ ಬಹುಕಾಲ ಕಚೇರಿ ನಡೆಸಿದ ದಿಲ್ಲಿ ವೈದ್ಯಕೀಯ ಪರಿಷತ್ತಿನ ಶಿಸ್ತು ಸಮಿತಿಗಾದರೋ ಯಾರನ್ನೂ ಸೆರೆಗೆ ಕಳುಹಿಸುವ ಅಧಿಕಾರವಿಲ್ಲ. ನೊಂದವರಿಗೆ ಪರಿಹಾರಧನ ಕೊಡಿಸುವ ಅಧಿಕಾರವೂ ಇಲ್ಲ, ಅದು ಗ್ರಾಹಕ ನ್ಯಾಯಾಲಯದ ಪಾಲಿಗೆ ಸೇರಿದ್ದು. ಸಮಿತಿಯ ವ್ಯಾಪ್ತಿಯೆಲ್ಲವೂ ಒಂದು ನೋಂದಣಿ ಪುಸ್ತಕದೊಳಗೆ ಅಡಗಿದೆ: ತಪ್ಪು ಕಂಡಲ್ಲಿ ಎಚ್ಚರಿಕೆ ಕೊಡಬಹುದು, ನಿಯತಕಾಲದವರೆಗೆ ಹೆಸರನ್ನು ತೆಗೆದಿರಿಸಬಹುದು, ಅತಿ ಘೋರವಾದ ಸಂದರ್ಭದಲ್ಲಿ ಶಾಶ್ವತವಾಗಿ ಅಳಿಸಬಹುದು.

1997ರ ಅಧಿನಿಯಮದಂತೆ ರಚಿತವಾದ ಈ ಸಮಿತಿಯಲ್ಲಿ ವೈದ್ಯರೇ ಪ್ರಮುಖರಾದರೂ, ಅವರೊಡನೆ ಕಾನೂನು ಬಲ್ಲವರೊಬ್ಬರು, ಸಾರ್ವಜನಿಕ ಗಣ್ಯರೊಬ್ಬರು, ಮತ್ತು ಆಯಾ ಪ್ರಕರಣಕ್ಕೆ ಸಂಬಂಧಿಸಿದ ರೋಗಶಾಖೆಯ ತಜ್ಞರು ಕುಳಿತುಕೊಳ್ಳುವರು. ದೂರು ಮೊದಲು ಕಾರ್ಯಕಾರಿ ಸಮಿತಿಯ ಪರಿಶೀಲನೆಗೆ ಬಂದು, ಅದರಲ್ಲಿ ಹುರುಳುಂಟೆಂದು ತೋರಿದರೆ ಇಲ್ಲಿಗೆ ಸಾಗುತ್ತದೆ. ಉಭಯಪಕ್ಷಗಳ ಮಾತನ್ನೂ ಆಲಿಸುವುದು ನಿಯಮ. ಆದರೆ ಎರಡು ಪಕ್ಷಗಳಿಗಿಂತ ಹೆಚ್ಚು ಮಾತನಾಡುವುದು ಕೇಸ್‌ಶೀಟು. ಅದನ್ನು 3 ವರ್ಷ ಕಾಪಾಡತಕ್ಕದ್ದೆಂದೂ, ರೋಗಿಯಾಗಲಿ ಅವನ ಪರವಾದ ಅಧಿಕೃತರಾಗಲಿ ಕೇಳಿದರೆ 72 ಗಂಟೆಗಳೊಳಗೆ ಒದಗಿಸತಕ್ಕದ್ದೆಂದೂ 2002ರ ವೃತ್ತಿನೀತಿ ನಿಯಮಾವಳಿ ವಿಧಿಸುತ್ತದೆ. ವೈದ್ಯರ ಅಕ್ಷರವನ್ನು ಕುರಿತ ಹಾಸ್ಯವೆಲ್ಲ ಈ ಮೇಜಿನ ಮುಂದೆ ನಿಂತುಹೋಗುತ್ತದೆ.

ಸದಸ್ಯರ ಕಾರ್ಯದಲ್ಲಿ ನಿಜಕ್ಕೂ ದುಷ್ಕರವಾದುದು, ರೋಗಿ ತೀರಿಕೊಂಡನೆಂಬ ಸಂಗತಿಯನ್ನು ತಿಳಿದೂ ತಿಳಿಯದವರಂತೆ, ಆ ರಾತ್ರಿ ಆ ವೈದ್ಯನ ಕಣ್ಣಿಗೆ ಬಿದ್ದ ಲಕ್ಷಣಗಳನ್ನಷ್ಟೇ ಮುಂದಿಟ್ಟುಕೊಂಡು ವಿವೇಚಿಸುವುದು. ಮರಣವೊಂದೇ ಪ್ರಮಾದಕ್ಕೆ ಸಾಕ್ಷಿಯಲ್ಲ. ಸಾಧಾರಣ ನೈಪುಣ್ಯವುಳ್ಳ ಮತ್ತೊಬ್ಬ ವೈದ್ಯನು ಅದೇ ಸ್ಥಿತಿಯಲ್ಲಿ ಮಾಡುತ್ತಿದ್ದುದನ್ನು ಇವನು ಮಾಡಿದನೆ ಎಂಬುದೇ ಪ್ರಶ್ನೆ. ಲೂಧಿಯಾನದ ಆಸ್ಪತ್ರೆಯೊಂದರಲ್ಲಿ ರೋಗಿಗೆಂದು ತಂದ ಆಮ್ಲಜನಕದ ಸಿಲಿಂಡರು ಬರಿದಾಗಿತ್ತೆಂಬ ದೂರಿನಿಂದ ಹುಟ್ಟಿದ ಜೇಕಬ್ ಮ್ಯಾಥ್ಯೂ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಈ ಅಳತೆಯನ್ನೇ ಎತ್ತಿಹಿಡಿದು, ಪೋಲೀಸರು ವೈದ್ಯನ ಮೇಲೆ ಕ್ರಮಕ್ಕಿಳಿಯುವ ಮುನ್ನ ಸ್ವತಂತ್ರ ವೈದ್ಯಾಭಿಪ್ರಾಯ ಪಡೆಯಬೇಕೆಂದು ಹೇಳಿತು. ಅದರ ಫಲವಾಗಿ ದಿಲ್ಲಿಯ ಠಾಣೆಗಳ ಕಾಗದಗಳೂ ಈ ಸಮಿತಿಯತ್ತ ಬರತೊಡಗಿದವು.

ವೈದ್ಯರಲ್ಲದ ಸದಸ್ಯರಿಗೆ ಇಲ್ಲೇನು ಕೆಲಸವೆಂದು ಕೇಳುವವರುಂಟು. ನನಗಾದರೋ ಅವರ ಅಜ್ಞಾನವೇ ಅವರ ಅರ್ಹತೆಯೆಂದು ತೋರುತ್ತದೆ. ಸಮಾನವೃತ್ತಿಯವರು ಸಂಕ್ಷೇಪಾಕ್ಷರಗಳಲ್ಲಿಯೇ ಪರಸ್ಪರ ಅರ್ಥಮಾಡಿಕೊಂಡು ಮುಂದೆ ಸರಿಯುವಲ್ಲಿ, ಹನ್ನೊಂದರಿಂದ ಮೂರು ಗಂಟೆಯವರೆಗೆ ರೋಗಿಯ ಬಳಿ ಯಾರಿದ್ದರು, ಮನೆಯವರಿಗೆ ಯಾರು ಏನು ಹೇಳಿದರು ಎಂದು ನೇರವಾಗಿ ಕೇಳಲು ಹೊರಗಿನವರೇ ಬೇಕು.

ರಾಜಧಾನೀ ಪ್ರದೇಶದ ವಾಸಿಗೆ ಮತ್ತೊಂದು ತೊಡಕು. ಮೆಟ್ರೋ ರೈಲಿಗೆ ಗಡಿಯಿಲ್ಲ, ದೂರಿಗೆ ಉಂಟು: ನೋಯ್ಡಾದ ಆಸ್ಪತ್ರೆಯ ವೈದ್ಯರ ವಿಚಾರ ಸಾಮಾನ್ಯವಾಗಿ ಲಖನೌದ ಪರಿಷತ್ತಿಗೆ, ಗುರುಗ್ರಾಮದ್ದು ಹರಿಯಾಣಾದ ಪರಿಷತ್ತಿಗೆ. ಆಡಳಿತದ ಅಕ್ರಮಗಳ ಆರೋಪದ ಮೇಲೆ ದಿಲ್ಲಿಯ ಪರಿಷತ್ತೇ 2025ರಲ್ಲಿ ವಿಸರ್ಜನೆಗೊಳಗಾದುದು, ವಿಚಾರಿಸುವವರನ್ನೂ ವಿಚಾರಿಸುವವರುಂಟೆಂಬುದಕ್ಕೆ ನಿದರ್ಶನ. ಮೇಲ್ಮನವಿಗೆ ದಿಲ್ಲಿಯದೇ ದ್ವಾರಕಾ ಬಡಾವಣೆಯಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವಿದೆ. ಆದರೆ ಅದನ್ನು ಸ್ಥಾಪಿಸಿದ 2019ರ ಅಧಿನಿಯಮದ 30ನೆಯ ಪ್ರಕರಣವು ಮೇಲ್ಮನವಿಯ ಹಕ್ಕನ್ನು ಹೇಳುವಾಗ ವೈದ್ಯನನ್ನು ಮಾತ್ರ ಹೆಸರಿಸಿ, ದೂರಿತ್ತ ರೋಗಿಯನ್ನು ಉಲ್ಲೇಖಿಸದೆ ಬಿಟ್ಟಿದೆ. ಶಾಸನಕರ್ತರು ತಿದ್ದಲೇಬೇಕಾದ ಲೋಪವಿದು.