ತಗ್ಗಿನ ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರು

ಮೃಗಶಿರ ಮಳೆ ಹಿಡಿಯಿತೆಂದರೆ ತೋಟದ ದಾರಿ ಕೆಸರು. ಅಡಿಕೆ ಕೊಯ್ಲಿನ ತನಕ ಟ್ರ್ಯಾಕ್ಟರಿಗೆ ಹೆಚ್ಚು ಕೆಲಸವಿಲ್ಲ. ನಿಲ್ಲಿಸಲು ನಮ್ಮಲ್ಲಿರುವುದು ಹಳೆಯ ಕೊಟ್ಟಿಗೆ. ಇರಚಲು ಹೊಡೆಯದಿರಲೆಂದು ಹಿರಿಯರು ಮಾಡನ್ನು ತಗ್ಗಿಸಿಯೇ ಕಟ್ಟಿಸಿದ್ದಾರೆ.

ಒಮ್ಮೆ ನಾನು ಕಣ್ಣಳತೆಯನ್ನೇ ನಂಬಿ ಹಿಂದಕ್ಕೆ ಹೊಡೆದೆ. ಗಮನವೆಲ್ಲ ಮುಂದಿನ ಹೊಗೆಕೊಳವೆಯ ಮೇಲಿತ್ತು. ತೊಲೆ ನನ್ನ ಬೆನ್ನಿಗೇ ಬಂದು ತಾಗಿತು. ಕೂಡಲೇ ಕ್ಲಚ್ಚು, ಬ್ರೇಕು ತುಳಿದದ್ದರಿಂದ ಬದುಕಿದೆ. ಇಲ್ಲವಾದರೆ ತೊಲೆಗೂ ಸ್ಟೀರಿಂಗಿಗೂ ನಡುವೆ ಸಿಕ್ಕಿಬೀಳುತ್ತಿದ್ದೆ.

ಆದ್ದರಿಂದ ಮೊದಲು ಅಳೆಯಿರಿ. ಚಾಲಕನು ಆಸನದಲ್ಲಿ ಕುಳಿತಾಗ ಅವನ ತಲೆ, ಹೊಗೆಕೊಳವೆಯ ತುದಿ, ಇವೆರಡರಲ್ಲಿ ಯಾವುದು ಎತ್ತರವೋ ಅದಕ್ಕಿಂತ ಅರ್ಧ ಅಡಿ ಉದ್ದದ ಗಳ ಕತ್ತರಿಸಿ, ಪ್ರತಿ ತೊಲೆಯ ಕೆಳಗೂ ನೆಟ್ಟಗೆ ಹಿಡಿದು ನೋಡಿರಿ. ಬಾಗಿಲಲ್ಲಿ ನೆಲ ಏರಿದ್ದರೆ ಚಕ್ರ ಹತ್ತುವಾಗ ಆಸನವೂ ಏರುತ್ತದೆಂಬುದು ನೆನಪಿರಲಿ.

ಎತ್ತರ ಸಾಲದಿದ್ದರೆ ನೆಲ ಅಗೆಯಬೇಡಿ. ಆ ಗುಂಡಿಯಲ್ಲಿ ಮಳೆಗಾಲವಿಡೀ ನೀರು ನಿಲ್ಲುತ್ತದೆ. ಟೈರಿನ ಗಾಳಿ ಬಿಟ್ಟು ತಗ್ಗಿಸುವುದೂ ಸಲ್ಲದು. ತಿಂಗಳುಗಟ್ಟಲೆ ಹಾಗೆ ನಿಂತರೆ ಟೈರಿನ ಮಗ್ಗುಲು ಸೀಳುತ್ತದೆ. ಬಡಗಿಯನ್ನು ಕರೆಸಿ, ಕಂಬಕ್ಕೆ ಕಲ್ಲು ಕೊಟ್ಟು ಮಾಡನ್ನೇ ಎತ್ತಿಸುವುದು ಒಳಿತು.

ಒಳಗೆ ನಿಲ್ಲಿಸಿದ ಮೇಲೆ ಡೀಸೆಲ್ ಟ್ಯಾಂಕು ತುಂಬಿಸಿಡಿ. ಖಾಲಿ ಟ್ಯಾಂಕಿನಲ್ಲಿ ತೇವ ಕೂಡುತ್ತದೆ. ಬ್ಯಾಟರಿಯ ತಂತಿ ಕಳಚಿರಿ. ಕ್ಲಚ್ ಪೆಡಲನ್ನು ಮರದ ತುಂಡಿನಿಂದ ಒತ್ತಿಡಿ, ಪ್ಲೇಟು ಅಂಟಿಕೊಳ್ಳದು. ಕೊಳವೆಯ ಬಾಯಿಗೆ ಡಬ್ಬ ಕವುಚಿರಿ. ಚಾಲೂ ಮಾಡುವ ಮುನ್ನ ಮರೆಯದೆ ತೆಗೆಯಿರಿ.

ಮೊದಲು ಗಳ ಒಳಗೆ ಹೋಗಲಿ, ಆಮೇಲೆ ಟ್ರ್ಯಾಕ್ಟರು.