ಗಡಹಿಂಗ್ಲಜದಿಂದ ಬೆಂಗಳೂರು: ವಿಮಾನದಲ್ಲಿ ಎಷ್ಟು ಹೊತ್ತು?

ವೃತ್ತಿಶಿಕ್ಷಣದ ಪ್ರವೇಶ ಆರಂಭವಾದೊಡನೆ ಪಾಲಕರು ನಮ್ಮನ್ನು ಕೇಳುವ ಪ್ರಶ್ನೆಯಿದು. ಕರ್ನಾಟಕದ ಗಡಿನಾಡು ಕನ್ನಡಿಗರ ಪ್ರವೇಶ ನಿಯಮದಲ್ಲಿ ಗಡಹಿಂಗ್ಲಜ ತಾಲ್ಲೂಕಿನ ಹೆಸರಿದೆ. ಆದ್ದರಿಂದ ಇದು ಬರಿಯ ಕುತೂಹಲವಲ್ಲ. ಮಲ್ಲೇಶ್ವರದ ಪರೀಕ್ಷಾ ಪ್ರಾಧಿಕಾರದಿಂದ ಕರೆ ಬಂದ ದಿನ ತಡವಾದರೆ ಸೀಟು ಕೈತಪ್ಪಬಹುದು.

ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ., ರೇಖಾಂಶದ ಒಂದು ಡಿಗ್ರಿಗೆ ನಮ್ಮ ಭಾಗದಲ್ಲಿ ಸುಮಾರು 108. ಅಟ್ಲಾಸ್ ತೆರೆದು ಪೈಥಾಗೊರಸನ ಪ್ರಮೇಯ ಬಳಸಿದರೆ ಹತ್ತನೆಯ ತರಗತಿಯ ಮಕ್ಕಳೇ ಅಂತರವನ್ನು ಕಂಡುಹಿಡಿಯಬಲ್ಲರು: ಬೆಳಗಾವಿಯ ಸಾಂಬ್ರಾದಿಂದ ದೇವನಹಳ್ಳಿಗೆ ನೇರವಾಗಿ ಸುಮಾರು 445 ಕಿ.ಮೀ., ಕೊಲ್ಹಾಪುರದ ಉಜಳಾಯಿವಾಡಿಯಿಂದ ಸುಮಾರು 530. ಇಚಲಕರಂಜಿಯವರಿಗೆ ಉಜಳಾಯಿವಾಡಿಯೇ ಹತ್ತಿರ; ಗಡಹಿಂಗ್ಲಜದವರಿಗೆ ಎರಡೂ ಹೆಚ್ಚುಕಡಿಮೆ ಸಮದೂರ.

ಪಂಖಗಳುಳ್ಳ ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಹೀಗಾಗಿ ಸಾಂಬ್ರಾದಿಂದ ಹಾರಾಟಕ್ಕೆ 55 ನಿಮಿಷವಾದರೂ ಏರುವುದು, ಇಳಿಯುವುದು ಸೇರಿ ಒಂದೂಕಾಲು ಗಂಟೆ ಬೇಕು. ಮೋಸ ಹೋಗುವುದು ಇಲ್ಲಿಯೇ. ಮನೆಯಿಂದ ಸಾಂಬ್ರಾಕ್ಕೆ ಸುಮಾರು ಎರಡು ಗಂಟೆ, ತಪಾಸಣೆಗೆ ಮುಂಚಿತವಾಗಿ ಒಂದೂವರೆ, ಸಾಮಾನು ಪಡೆದು ಹೊರಬರಲು ಅರ್ಧ, ದೇವನಹಳ್ಳಿಯಿಂದ ಮಲ್ಲೇಶ್ವರಕ್ಕೆ ಒಂದೂಕಾಲು: ಒಟ್ಟು ಆರೂವರೆ ಗಂಟೆ. ರಸ್ತೆಯಲ್ಲಿ ಸುಮಾರು 570 ಕಿ.ಮೀ.; ಬಸ್ಸಿಗೆ ಹತ್ತು-ಹನ್ನೊಂದು ಗಂಟೆ. ಉಳಿಯುವುದು ನಾಲ್ಕೇ ಗಂಟೆ!

ರಾತ್ರಿ ಬಸ್ಸಿನಲ್ಲಿ ಆ ಗಂಟೆಗಳು ನಿದ್ರೆಯಲ್ಲಿ ಕಳೆಯುತ್ತವೆ. ತಂಗುವ ಖರ್ಚೂ ಇಲ್ಲ. ಆದ್ದರಿಂದ ಬೆಳಗಿನ ಕರೆಗೆ ಸಂಕೇಶ್ವರದಿಂದ ರಾತ್ರಿ ಬಸ್ಸು ಹಿಡಿಯಿರೆಂದೇ ನಾವು ಹೇಳುತ್ತೇವೆ. ಮೂಲ ದಾಖಲೆಯೊಂದು ಮನೆಯಲ್ಲಿಯೇ ಉಳಿದು ಸಂಜೆಯೊಳಗೆ ಮುಟ್ಟಿಸಬೇಕಾದಾಗ ಮಾತ್ರ ವಿಮಾನದ ವೇಳಾಪಟ್ಟಿ ನೋಡಿರಿ.