ಹೊಸ ದೋಣಿಗಳ ಜಾತ್ರೆಯಲ್ಲಿ ಹಳೆಯ ದೋಣಿಯ ಒಡೆಯ

ದನಗಳ ಜಾತ್ರೆಗೆ ಹೋಗುವ ರೈತರೆಲ್ಲರೂ ಎತ್ತು ಕೊಳ್ಳುವುದಿಲ್ಲ. ನಮ್ಮ ತಂದೆ ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ ಪ್ರತಿವರ್ಷ ತಪ್ಪದೆ ಹೋಗುತ್ತಿದ್ದರು. ಎತ್ತು ಕೊಂಡು ತಂದದ್ದು ಎರಡೋ ಮೂರೋ ಬಾರಿ. ಉಳಿದ ವರ್ಷಗಳಲ್ಲಿ ಅವರು ತಂದದ್ದು ತಿಳಿವಳಿಕೆಯನ್ನು. ಯಾವ ಜೋಡಿಗೆ ಎಷ್ಟು ಬೆಲೆ, ಹೆಗಲು ಬಾತ ಎತ್ತಿಗೆ ಏನು ಮದ್ದು, ನಮ್ಮ ಕೊಟ್ಟಿಗೆಯ ಜೋಡಿ ಇನ್ನೆಷ್ಟು ಕಾಲ ದುಡಿದೀತು ಎಂಬ ತಿಳಿವಳಿಕೆ. 2023ರ ಅಕ್ಟೋಬರಿನಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಅನಾಪೊಲಿಸ್ ನಗರದಲ್ಲಿ ಹಾಯಿದೋಣಿಗಳ ಪ್ರದರ್ಶನ ನೋಡುತ್ತ ನಿಂತಾಗ ನನಗೆ ನೆನಪಾದದ್ದು ಆ ಜಾತ್ರೆಯೇ.

ಎಂಜಿನಿಯರಾಗಿ ನಿವೃತ್ತನಾದ ನನ್ನ ತಮ್ಮ ಬಾಲ್ಟಿಮೋರ್‌ನಲ್ಲಿ ನೆಲೆಸಿ ನಾಲ್ಕು ದಶಕಗಳಾದವು. ಅವನ ಬಳಿ 1974ರಲ್ಲಿ ತಯಾರಾದ, ಸುಮಾರು 30 ಅಡಿ ಉದ್ದದ 'ಆಲ್ಬರ್ಗ್ 30' ಎಂಬ ಹಾಯಿದೋಣಿಯಿದೆ. ಸ್ವೀಡನ್ ಮೂಲದ ಕಾರ್ಲ್ ಆಲ್ಬರ್ಗ್ ರೂಪಿಸಿದ ಈ ಮಾದರಿಯ 700ಕ್ಕೂ ಹೆಚ್ಚು ದೋಣಿಗಳು 1960ರ ದಶಕದಿಂದ 80ರ ದಶಕದವರೆಗೆ ಕೆನಡಾದಲ್ಲಿ ತಯಾರಾದವು. ಇಂಥ ದೋಣಿಗಳ ವಿಶೇಷವೆಂದರೆ ಒಡಲು ಫೈಬರ್‌ಗ್ಲಾಸಿನದು, ಮರದಂತೆ ಕೊಳೆಯುವುದಿಲ್ಲ. ಆದರೆ ಒಡಲನ್ನು ಬಿಟ್ಟು ಉಳಿದುದೆಲ್ಲಕ್ಕೂ ವಯಸ್ಸಾಗುತ್ತದೆ: ಹಾಯಿಗಳಿಗೆ, ಎಂಜಿನಿಗೆ, ವಿದ್ಯುತ್ ತಂತಿಗಳಿಗೆ, ಕೊಳವೆಗಳಿಗೆ. ಹೀಗಾಗಿ ರಿಪೇರಿಯ ಲೆಕ್ಕ ಬಹುಬೇಗ ದೋಣಿಯ ಮಾರಾಟ ಬೆಲೆಯನ್ನು ಮೀರುತ್ತದೆ. 'ಮಾರಿಬಿಡಿ' ಎಂಬುದು ತಮ್ಮನ ಪತ್ನಿಯ ವಾದ. ಮೊಮ್ಮಗನನ್ನು ಕೂರಿಸಿಕೊಂಡು ಭಾನುವಾರ ಚೆಸಪೀಕ್ ಕೊಲ್ಲಿಗೆ ಇಳಿಯುವುದೇ ಉಳಿದಿರುವ ಸಂತೋಷವೆಂಬುದು ತಮ್ಮನ ಉತ್ತರ.

ಅನಾಪೊಲಿಸ್‌ನ ಪ್ರದರ್ಶನ 1970ರಲ್ಲಿ ಆರಂಭವಾಯಿತು. ಅಕ್ಟೋಬರ್ ತಿಂಗಳಲ್ಲಿ ನಡೆಯುವ ಈ ಪ್ರದರ್ಶನಕ್ಕೆ ಊರ ನಡುವಿನ ಹಳೆಯ ಬಂದರುಕಟ್ಟೆಯೇ ಅಂಗಳ. ನೀರಿನ ಮೇಲೆ ತೇಲುವ ಹಲಗೆದಾರಿಗಳು, ಅವುಗಳ ಇಕ್ಕೆಲಗಳಲ್ಲಿ ಥಳಥಳಿಸುವ ಹೊಸ ದೋಣಿಗಳು. ಲಕ್ಷಾಂತರ ಡಾಲರ್ ಬೆಲೆಯ ಅವುಗಳನ್ನು ಏರಿ ನೋಡಲು ಜನ ಚಪ್ಪಲಿ ಕಳಚಿ ಸರದಿಯಲ್ಲಿ ನಿಂತಿದ್ದರು. ನಾವೂ ನಿಂತೆವು. ಆದರೆ ಹಳೆಯ ದೋಣಿಯವನಿಗೆ ಬೇಕಾದದ್ದು ಅಲ್ಲಿರಲಿಲ್ಲ. ಅದಿದ್ದದ್ದು ದಡದ ಮೇಲಿನ ಬಿಳಿ ಡೇರೆಗಳ ಸಣ್ಣ ಮಳಿಗೆಗಳಲ್ಲಿ. ಹಾಯಿ ಹೊಲಿಯುವವರು, ಪಂಪು ಮಾರುವವರು, ಹಗ್ಗ ಹೆಣೆಯುವವರು, ಬ್ಯಾಟರಿಯವರು ಎಲ್ಲರೂ ಅಲ್ಲಿ ಅಕ್ಕಪಕ್ಕದಲ್ಲೇ ಕುಳಿತಿದ್ದರು.

ಸರಕನ್ನೂ ಬೆಲೆಯನ್ನೂ ಹುಡುಕುವುದಕ್ಕೇ ಒಂದು ವೆಚ್ಚವಿದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1961ರಲ್ಲೇ ವಿವರಿಸಿದ್ದರು. ಜಾತ್ರೆ ಇಳಿಸುವುದು ಈ ವೆಚ್ಚವನ್ನು. ಒಂದು ಮಳಿಗೆಯಲ್ಲಿ ಕೇಳಿದ ಮಾತನ್ನು ಹತ್ತು ಹೆಜ್ಜೆ ನಡೆದು ಪ್ರತಿಸ್ಪರ್ಧಿಯ ಎದುರು ಒರೆಗೆ ಹಚ್ಚಬಹುದು. ಟೆಂಡರು ಕಡತಗಳ ನಡುವೆ ಬಾಳಿದ ನಾನು ತಮ್ಮನಿಗೆ ಒಂದೇ ಷರತ್ತು ಹಾಕಿದ್ದೆ: ಮೊದಲ ದಿನ ಏನನ್ನೂ ಕೊಳ್ಳಕೂಡದು.

ಅವನು ಮನಸ್ಸು ಮಾಡಿಕೊಂಡು ಬಂದಿದ್ದದ್ದು ದಾರಿ ತೋರುವ ವಿದ್ಯುನ್ಮಾನ ನಕಾಶೆಯ ಪರದೆಯೊಂದರ ಮೇಲೆ. ಅದರ ಮಳಿಗೆಗೆ ಹೋಗುವ ದಾರಿಯಲ್ಲಿ, ಹಾಯಿಕಂಬವನ್ನು ಬಿಗಿದು ನಿಲ್ಲಿಸುವ ಉಕ್ಕಿನ ತಂತಿಹಗ್ಗಗಳ ಕುಶಲಕರ್ಮಿಯೊಬ್ಬರ ಮೇಜಿನ ಬಳಿ ನಿಂತೆವು. ಹಳೆಯ ಹಗ್ಗವೊಂದರ ತುದಿಯ ಕೊಳವೆಯನ್ನು ಸೀಳಿ ಅವರು ಭೂತಗನ್ನಡಿಯ ಕೆಳಗಿಟ್ಟಿದ್ದರು. ಕೂದಲೆಳೆಯಂಥ ಬಿರುಕು ಕಾಣುತ್ತಿತ್ತು. ಹೊರಗೆ ಹೊಳೆಯುವ ತುಕ್ಕುರಹಿತ ಉಕ್ಕು, ಉಪ್ಪುನೀರು ಇಳಿದು ನಿಲ್ಲುವ ಕೆಳತುದಿಯಲ್ಲಿ ಒಳಗೊಳಗೇ ಸವೆಯುತ್ತದೆ. ಹತ್ತು ಹದಿನೈದು ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ. 'ನಿಮ್ಮ ದೋಣಿಯ ಹಗ್ಗಗಳಿಗೆ ಎಷ್ಟು ವಯಸ್ಸು?' ಎಂದು ಅವರು ಕೇಳಿದರು. ಎರಡು ದಶಕದ ಹಿಂದೆ ದೋಣಿ ಕೊಂಡಾಗಲೇ ಇದ್ದ ಹಗ್ಗಗಳು ಅವು. ತಮ್ಮ ಸುಮ್ಮನಾದ. ಬಲವಾದ ಗಾಳಿಯಲ್ಲಿ ಒಂದು ತಂತಿ ಕಿತ್ತರೆ ಕಂಬ ಉರುಳುತ್ತದೆ. ಉರುಳುವ ಕಂಬದ ಕೆಳಗೆ ಕುಳಿತಿರುವವನು ಏಳು ವರ್ಷದ ಹುಡುಗ. ಸ್ವಲ್ಪ ಹೊತ್ತಿನ ಮೇಲೆ ತಮ್ಮ, 'ಅಣ್ಣಾ, ಪರದೆ ಈ ವರ್ಷ ಬೇಡ' ಎಂದ.

ಅಂದು ಕಲಿತದ್ದು ಇನ್ನೂ ಇತ್ತು. ಕಂಬದ ತುದಿಯ 25 ವ್ಯಾಟ್ ಬಲ್ಬು ಹತ್ತು ಗಂಟೆ ಉರಿದರೆ 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 20 ಆಂಪಿಯರ್-ಗಂಟೆ ಹೀರುತ್ತದೆ. ಅದೇ ಕೆಲಸಕ್ಕೆ ಎಲ್‌ಇಡಿ ದೀಪಕ್ಕೆ ಎರಡು ಮೂರು ಸಾಕು. ಎಂದರೆ ದೊಡ್ಡ ಬ್ಯಾಟರಿ ಕೊಳ್ಳುವ ಮೊದಲು ಸಣ್ಣ ದೀಪ ಕೊಳ್ಳಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ದೋಣಿಯ ತಳದಲ್ಲಿ ಸಂಗ್ರಹವಾಗುತ್ತದೆ. ಆದ್ದರಿಂದ ಹಳೆಯ ಪೆಟ್ರೋಲ್ ಎಂಜಿನ್ ಉಳಿಸಿಕೊಳ್ಳುವವರು ಗಾಳಿ ಹೊರದೂಡುವ ಫ್ಯಾನನ್ನು ಮೊದಲು ಸರಿಪಡಿಸಿಕೊಳ್ಳಬೇಕು.

ಹಾಗೆಂದು ಜಾತ್ರೆಯ ಮಾತನ್ನೆಲ್ಲ ನಂಬಬೇಕಿಲ್ಲ. ಮಾರುವವನಿಗೆ ತಿಳಿದಿರುವುದು ಕೊಳ್ಳುವವನಿಗೆ ತಿಳಿದಿರುವುದಿಲ್ಲ ಎಂಬ ಸಮಸ್ಯೆಯನ್ನು ಜಾರ್ಜ್ ಅಕರ್‌ಲಾಫ್ ಹಳೆಯ ಕಾರುಗಳ ಉದಾಹರಣೆಯೊಂದಿಗೆ ವಿಶ್ಲೇಷಿಸಿದ್ದು ಈ ಪ್ರದರ್ಶನ ಆರಂಭವಾದ 1970ರಲ್ಲೇ. ಮಳಿಗೆಯವನು ಸಲಹೆಗಾರನಷ್ಟೇ ಅಲ್ಲ, ವ್ಯಾಪಾರಿಯೂ ಹೌದು. 'ಪ್ರದರ್ಶನದ ರಿಯಾಯಿತಿ'ಯಲ್ಲಿ ಸಾಗಣೆ, ಅಳವಡಿಕೆಯ ವೆಚ್ಚ ಸೇರಿರದೆ ಇರಬಹುದು. ಇಂದಿನ ದೋಣಿಗೆ ಒಗ್ಗುವ ಉಪಕರಣ ಐವತ್ತು ವರ್ಷ ಹಿಂದಿನ ದೋಣಿಯ ರಂಧ್ರಕ್ಕೆ ಕೂರದಿರಬಹುದು. ಆದ್ದರಿಂದ ಅಳತೆಗಳು, ಛಾಯಾಚಿತ್ರಗಳು, ಬಿಡಿಭಾಗಗಳ ಸಂಖ್ಯೆ, ಆದ್ಯತೆಯ ಪಟ್ಟಿ ಇವಿಲ್ಲದೆ ಹೋಗುವವನು ಬರಿಗೈಯಲ್ಲಿ ಹೋದಂತೆ. ನಮಗೆ ಸಿಕ್ಕ ಅತ್ಯುತ್ತಮ ಸಲಹೆಗಳಲ್ಲಿ ಕೆಲವು ಬಂದದ್ದು ಕಾಫಿಯ ಸಾಲಿನಲ್ಲಿ, ಅಂಥದೇ ಹಳೆಯ ದೋಣಿಗಳ ಒಡೆಯರಿಂದ. ಅವರು ಏನನ್ನೂ ಮಾರುತ್ತಿರಲಿಲ್ಲ.

ಮೂರು ದಶಕಗಳ ಸರ್ಕಾರಿ ಸೇವೆಯಲ್ಲಿ ನಾನು ಅನೇಕ ಶಂಕುಸ್ಥಾಪನೆಗಳಲ್ಲಿ ಭಾಗವಹಿಸಿದ್ದೇನೆ. ಹಳೆಯ ಶಾಲೆಯ ಸೂರು ಸೋರದಂತೆ ಹೆಂಚು ಬದಲಿಸಿದ್ದಕ್ಕೆ ಸಮಾರಂಭ ನಡೆದದ್ದನ್ನು ಒಮ್ಮೆಯೂ ಕಂಡಿಲ್ಲ. ಆಯವ್ಯಯದಲ್ಲಿ ಹಣ ಸಾಲದಾದಾಗ ಮೊದಲು ಕತ್ತರಿ ಬೀಳುತ್ತಿದ್ದದ್ದು ನಿರ್ವಹಣೆಯ ಬಾಬಿಗೆ. ಎಷ್ಟೋ ಬಾರಿ ಆ ಕತ್ತರಿ ನನ್ನ ಕೈಯಲ್ಲೇ ಇತ್ತು. ಹೊಸತು ಕಣ್ಣಿಗೆ ಕಾಣುತ್ತದೆ. ಹಳೆಯದರ ಬಿರುಕು ಭೂತಗನ್ನಡಿ ಹಿಡಿದವರಿಗೆ ಮಾತ್ರ ಕಾಣುತ್ತದೆ. ಹೊಸತನ್ನು ಮಾರಲೆಂದೇ ನೆರೆದ ಜಾತ್ರೆಯಲ್ಲಿ ಹಳೆಯದನ್ನು ಕಾಪಾಡುವ ವಿದ್ಯೆಯೂ ದೊರೆಯುತ್ತದೆ, ಕೇಳುವವನು ಸರಿಯಾದ ಪ್ರಶ್ನೆಯೊಂದಿಗೆ ಹೋದರೆ.

ಮರುವರ್ಷದ ವಸಂತದಲ್ಲಿ ತಮ್ಮ ಹಗ್ಗಗಳನ್ನೆಲ್ಲ ಬದಲಿಸಿದ. ಖರ್ಚು ಪರದೆಯ ಬೆಲೆಯ ಮೂರು ಪಟ್ಟಾಯಿತು. ಕೆಳಗಿಳಿಸಿದ ಹಳೆಯ ತಂತಿಗಳಲ್ಲಿ ಎರಡರ ತುದಿ ಬಿರಿದಿತ್ತೆಂದು ದೂರವಾಣಿಯಲ್ಲಿ ತಿಳಿಸಿದ. ಅಂದಿನಿಂದ ಅವನ ಪತ್ನಿ ದೋಣಿ ಮಾರುವ ಮಾತೆತ್ತಿಲ್ಲವಂತೆ. ಆ ಎರಡು ತುಂಡುಗಳನ್ನು ಮಾತ್ರ ಅಡುಗೆಮನೆಯ ಕಿಟಕಿಯಲ್ಲಿ ಕಾಣುವಂತೆ ಇಟ್ಟಿದ್ದಾಳೆ.